ಶಾಂತಿ ಸಭೆಯಲ್ಲಿ ಸಾಲ, ಕೂಲಿಯ ಮಾತೇಕೆ?

ಇಸ್ಲಾಮಿನ ಆರ್ಥಿಕ ಬೋಧನೆಗಳ ಬಗ್ಗೆ ಮೈಸೂರು, ಮಂಡ್ಯ ಕಡೆಯ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಈ ವಾರದ ಉತ್ತರ.

ಪ್ರಶ್ನೆ: ಹಬ್ಬ ಹತ್ತಿರ ಬಂದರೆ ನಮ್ಮಲ್ಲಿ ಠಾಣೆಯವರು ಶಾಂತಿ ಸಭೆ ಕರೆಯುತ್ತಾರೆ. ಹೋದ ಸಲ ಮಸೀದಿಯ ಗುರುಗಳೊಬ್ಬರು ಎದ್ದು ನಿಂತು ಬಡ್ಡಿ, ಕೂಲಿ, ಝಕಾತ್ (ಉಳ್ಳವರು ಕೊಡಲೇಬೇಕಾದ ದಾನ) ಅಂತ ಮಾತಾಡಿದರು. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಬಡತನಕ್ಕೂ ಶಾಂತಿಗೂ ಇಸ್ಲಾಂ ನಿಜವಾಗಿ ನಂಟು ಹೇಳುತ್ತದೆಯೇ ಅಥವಾ ಇದು ಈಗಿನವರು ಹಚ್ಚಿದ ಅರ್ಥವೇ?
– ಪ್ರೌಢಶಾಲಾ ಶಿಕ್ಷಕರು, ಮದ್ದೂರು

ಉತ್ತರ: ಗುರುಗಳು ಹಳಿ ತಪ್ಪಿರಲಿಲ್ಲ ಮೇಷ್ಟ್ರೇ. ಕುರ್‌ಆನಿನ 106ನೇ ಅಧ್ಯಾಯದಲ್ಲಿ ಇರುವುದೇ ನಾಲ್ಕು ಸೂಕ್ತ. ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ವ್ಯಾಪಾರಕ್ಕೆ ಹೊರಡುತ್ತಿದ್ದ ಮಕ್ಕಾದ ಕುರೈಶ್ ಕುಲಕ್ಕೆ ಅದು ಹೇಳುವುದಿಷ್ಟು: ಹಸಿವಿಗೆ ಅನ್ನ ಕೊಟ್ಟು ಭಯದಿಂದ ಕಾಪಾಡಿದವನನ್ನು ಆರಾಧಿಸಿ. ಹಸಿವು, ಭಯ ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ಮಕ್ಕಾಕ್ಕಾಗಿ ಪ್ರವಾದಿ ಇಬ್ರಾಹೀಮರು ಮಾಡಿದ ಪ್ರಾರ್ಥನೆಯೂ (2:126, ಅಂದರೆ 2ನೇ ಅಧ್ಯಾಯದ 126ನೇ ಸೂಕ್ತ) ಇದೇ ಜೋಡಿಯದು. ಈ ಊರು ಸುರಕ್ಷಿತವಾಗಿರಲಿ, ಇಲ್ಲಿಯವರಿಗೆ ಫಲಗಳು ಸಿಗಲಿ ಎಂದು ಅವರು ಬೇಡಿಕೊಂಡರು. ನೆಮ್ಮದಿಯಿಂದಿದ್ದೂ ಕೃತಘ್ನವಾದ ಊರಿನ ಉದಾಹರಣೆ 16:112ರಲ್ಲಿದೆ. ಅದಕ್ಕೆ ಬಂದೊದಗಿದ್ದೂ ಹಸಿವು ಮತ್ತು ಭಯವೇ. ಇದನ್ನು ಈಗಿನವರು ಹಚ್ಚಿದ ಅರ್ಥ ಅನ್ನಲಾಗದು.

106ರ ಬೆನ್ನಿಗೇ 107ನೇ ಅಧ್ಯಾಯ ಬರುತ್ತದೆ. ಧರ್ಮವನ್ನೇ ಸುಳ್ಳೆನ್ನುವವನು ಯಾರು ಗೊತ್ತೇ ಎಂದು ಕೇಳಿ, ಅನಾಥನನ್ನು ಆಚೆಗೆ ತಳ್ಳುವವನು, ಬಡವರಿಗೆ ಉಣಿಸಲು ಪ್ರೇರೇಪಿಸದವನು ಎಂದು ಅದೇ ಉತ್ತರ ಹೇಳುತ್ತದೆ. ನಮಾಝ್ ಮಾಡಿಯೂ ನೆರೆಯವರಿಗೆ ಸಣ್ಣಪುಟ್ಟ ಸಾಮಾನು ಕೊಡದವರನ್ನೂ ಬಿಡುವುದಿಲ್ಲ.

ನಿಮ್ಮ ಸಭೆಗೆ ಹೆಚ್ಚು ಹೊಂದುವುದು ಪ್ರವಾದಿ ಮುಹಮ್ಮದರ (ಸ) ಯೌವನದ ಒಂದು ಪ್ರಸಂಗ. ಅವರಿಗೆ ಆಗ ಸುಮಾರು 20 ವರ್ಷ, ಪ್ರವಾದಿತ್ವ ಇನ್ನೂ ದೂರ. ಯಮನ್ ಕಡೆಯ ವ್ಯಾಪಾರಿಯೊಬ್ಬ ಮಕ್ಕಾಕ್ಕೆ ಸರಕು ತಂದ. ಆಸ್ ಬಿನ್ ವಾಇಲ್ ಎಂಬ ಊರಿನ ದೊಡ್ಡ ಮನುಷ್ಯ ಸರಕು ಇಳಿಸಿಕೊಂಡು ದುಡ್ಡು ಕೊಡಲಿಲ್ಲ. ಪರವೂರಿನವನ ಪರವಾಗಿ ಕೇಳುವವರು ಯಾರು? ಅವನು ಬೆಟ್ಟ ಹತ್ತಿ ನಿಂತು ಎಲ್ಲರಿಗೂ ಕೇಳುವ ಹಾಗೆ ತನ್ನ ಗೋಳು ಹೇಳಿಕೊಂಡ. ಆಗ ಕೆಲವು ಮನೆತನಗಳವರು ಅಬ್ದುಲ್ಲಾ ಬಿನ್ ಜುದ್‌ಆನ್ ಎಂಬುವರ ಮನೆಯಲ್ಲಿ ಸೇರಿ, ಅನ್ಯಾಯಕ್ಕೆ ಒಳಗಾದವನು ಯಾರೇ ಆಗಲಿ, ಅವನ ಹಕ್ಕು ಕೈಗೆ ಬರುವ ತನಕ ಜೊತೆಗಿರುತ್ತೇವೆ ಎಂದು ಆಣೆ ಮಾಡಿ, ಆ ಬಾಕಿಯನ್ನು ವಸೂಲು ಮಾಡಿಸಿದರು. ಇತಿಹಾಸದಲ್ಲಿ ಇದಕ್ಕೆ ಹಿಲ್ಫುಲ್ ಫುದೂಲ್ ಎಂದು ಹೆಸರು. ಇಸ್ಲಾಮಿನ ಕಾಲದಲ್ಲಿ ಕರೆದರೂ ಇಂಥ ಒಪ್ಪಂದಕ್ಕೆ ಓಗೊಡುತ್ತೇನೆ ಎಂದು ಪ್ರವಾದಿಯವರು ಮುಂದೆ ಹೇಳಿದರು. ಅದೂ ಒಂದು ಶಾಂತಿ ಸಭೆಯೇ. ಎತ್ತಿಕೊಂಡ ವಿಷಯ ಮಾತ್ರ ಬಾಕಿ ದುಡ್ಡು.

ಪ್ರವಾದಿಯವರ ನಂತರ ಆಳಿದ ಖಲೀಫ ಉಮರರ (ರ) ತೀರ್ಪೊಂದನ್ನೂ ಹೇಳಬೇಕು. ಹಾತಿಬ್ ಎಂಬುವರ ಆಳುಗಳು ಬೇರೊಬ್ಬನ ಹೆಣ್ಣೊಂಟೆ ಕದ್ದು ಕೊಯ್ದು ತಿಂದರು. ಶಿಕ್ಷೆಯ ಆದೇಶವೂ ಆಗಿತ್ತು. ಆದರೆ ಒಡೆಯನೇ ಆಳುಗಳನ್ನು ಉಪವಾಸ ಕೆಡವಿದ್ದಾನೆಂದು ಉಮರರಿಗೆ ತಿಳಿಯಿತು. ಒಂಟೆಯ ಬೆಲೆ 400 ದಿರ್ಹಮ್. ಒಡೆಯನ ಮೇಲೆ 800 ದಿರ್ಹಮ್ ದಂಡ ಬಿತ್ತು. ಬರಗಾಲದ ವರ್ಷದಲ್ಲಿ ಕಳ್ಳತನಕ್ಕೆ ಕೈ ಕತ್ತರಿಸುವ ಶಿಕ್ಷೆಯನ್ನೇ ಅವರು ತಡೆಹಿಡಿದಿದ್ದರು.

ಇದೆಲ್ಲ ಮುಸ್ಲಿಂ ದೊರೆಗಳ ಕಾಲದುದ್ದಕ್ಕೂ ನಡೆದುಬಂತು ಎಂದರೆ ಸುಳ್ಳಾದೀತು. ಸಂಪತ್ತು ನಿಮ್ಮಲ್ಲಿನ ಸಿರಿವಂತರ ನಡುವೆಯೇ ಸುತ್ತಾಡಬಾರದು (59:7) ಎಂದು ಓದಿದವರೇ ಖಜಾನೆಯಿಂದ ಅರಮನೆ ಕಟ್ಟಿಸಿಕೊಂಡಿದ್ದಾರೆ. ಇನ್ನು, ಗಲಾಟೆಯಲ್ಲಿ ಕಲ್ಲು ಎಸೆಯುವವರೆಲ್ಲ ಹಸಿದವರೇನಲ್ಲ, ಹೊಟ್ಟೆ ತುಂಬಿದವರೂ ಎಸೆಯುತ್ತಾರೆ. ಆದರೆ ಎಸೆಯಲು ಹುಡುಗರು ಬೇಕೆಂದಾಗ ಗಲಾಟೆ ಮಾಡಿಸುವವರಿಗೆ ಸುಲಭಕ್ಕೆ ಸಿಗುವುದು ಕೆಲಸವಿಲ್ಲದೆ ಸರ್ಕಲ್ಲಿನಲ್ಲಿ ನಿಂತ ಹುಡುಗರೇ. ಗುರುಗಳು ಹೇಳಿದ್ದರಲ್ಲಿ ನನಗೆ ಅಸಂಗತವಾದದ್ದು ಏನೂ ಕಾಣಲಿಲ್ಲ.

ಪ್ರಶ್ನೆ: ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಎರಡು ಸಂಘಗಳಲ್ಲಿ ಸೇರಿ 90,000 ರೂಪಾಯಿ ಸಾಲ, ವಾರ ವಾರ ಕಂತು. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಕೈಸಾಲ. ನನ್ನದು ಅಂತ ಇರುವುದು 8 ಗ್ರಾಂನ ಓಲೆ, ಜುಮುಕಿ. ಚಿನ್ನ ಇದೆಯಲ್ಲ, ನೀನೇ ಝಕಾತ್ ಕೊಡಬೇಕು ಎನ್ನುತ್ತಾರೆ ಅತ್ತೆ. ನಾನು ಕೊಡಬೇಕೇ, ಪಡೆಯಬಹುದೇ?
– ಹೆಸರು ಬೇಡ, ಉದಯಗಿರಿ, ಮೈಸೂರು

ಉತ್ತರ: ಸಹೋದರಿ, ನೀವು ಕೊಡಬೇಕಾಗಿಲ್ಲ, ಪಡೆಯಬಹುದು. ಝಕಾತ್ ಕಡ್ಡಾಯವಾಗುವುದು ನಿಸಾಬ್ ಎಂಬ ಮಿತಿ ಮುಟ್ಟಿದ ಮೇಲೆ. ಬರೀ ಚಿನ್ನವಾದರೆ ಏಳೂವರೆ ತೊಲ, ಅಂದರೆ 87.48 ಗ್ರಾಂ; ಬೆಳ್ಳಿಯಾದರೆ 612.36 ಗ್ರಾಂ. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಪದ್ಧತಿಯಲ್ಲಿ ಚಿನ್ನ, ಬೆಳ್ಳಿ, ನಗದು ಎಲ್ಲವನ್ನೂ ಕೂಡಿ ಬೆಳ್ಳಿಯ ಬೆಲೆಗೆ ಹೋಲಿಸುತ್ತಾರೆ. ಅತ್ತೆಯವರು ಇದನ್ನೇ ಕೇಳಿರಬಹುದು. ಆದರೆ ಕೂಡುವಾಗ ಸಾಲ ಕಳೆಯಬೇಕು. ಓಲೆ ಮಾರಿ ಸಾಲ ತೀರಿಸಿದರೆ ನಿಮ್ಮ ಕೈಯಲ್ಲಿ ನಿಸಾಬಿನಷ್ಟು ಉಳಿಯುವ ಮಾತೇ ಇಲ್ಲ. ಮಿತಿ ದಾಟಿದವರು ಚಾಂದ್ರಮಾನದ ಒಂದು ವರ್ಷ ಕಳೆದ ಮೇಲೆ ನೂರಕ್ಕೆ ಎರಡೂವರೆ ಕೊಡಬೇಕು, ಲಕ್ಷಕ್ಕೆ 2,500.

ಝಕಾತ್ ಯಾರಿಗೆ ಎಂಬುದನ್ನು ಕೊಡುವವರ ಇಷ್ಟಕ್ಕೆ ಬಿಟ್ಟಿಲ್ಲ. 9:60ರಲ್ಲಿ ಎಂಟು ವರ್ಗಗಳಿವೆ, ಸಾಲದಲ್ಲಿ ಸಿಕ್ಕಿಬಿದ್ದವರದ್ದೇ ಅದರಲ್ಲೊಂದು. ಹಾಗಾಗಿ ಮಸೀದಿ ಕಮಿಟಿಯ ಮುಂದೆ ತಲೆ ತಗ್ಗಿಸಬೇಡಿ. ಸಾಲದ ಪಾಸ್‌ಬುಕ್ಕುಗಳನ್ನು ತೆಗೆದುಕೊಂಡು ಹೋಗಿ, ಅಸಲು ಎಷ್ಟು ಉಳಿದಿದೆ ಎಂದು ತೋರಿಸಿ, ಅದನ್ನು ತೀರಿಸಿಕೊಡಿ ಎಂದು ಕೇಳಿ.

ಕೊಡುವವರಿಗೂ ಒಂದು ಮಾತು ಹೇಳಲೇಬೇಕು. ರಂಜಾನಿನ ಕೊನೆಯ ಹತ್ತು ದಿನ ಅಂಗಡಿಗಳ ಮುಂದೆ ಬುರ್ಖಾ ಹೊದ್ದ ಹೆಣ್ಣುಮಕ್ಕಳ ಸಾಲು ನಿಂತಿರುತ್ತದೆ. ಬಿಸಿಲಲ್ಲಿ, ಉಪವಾಸದಲ್ಲಿ, ಕಂಕುಳಲ್ಲಿ ಮಗು. ಕೈಗೆ ಬರುವುದು 100ರ ಒಂದು ನೋಟು, ಕೆಲವು ಕಡೆ ಅದಕ್ಕೊಂದು ಫೋಟೊ ಬೇರೆ. ಕೊಟ್ಟರೆ ಅವರ ಕೊರತೆ ನೀಗುವಷ್ಟು ಕೊಡಿ ಎಂಬುದು ಉಮರರ ಹೆಸರಿನಲ್ಲಿ ಬಂದಿರುವ ಮಾತು. ಒಬ್ಬರಿಗೇ ನಿಸಾಬಿನಷ್ಟು ಕೊಡುವುದು ಹನಫಿಗಳಿಗೆ ಅಷ್ಟು ಇಷ್ಟವಿಲ್ಲ ನಿಜ, ಆದರೆ ಸಾಲಗಾರರಿಗೆ ಆ ಕಟ್ಟಿಲ್ಲ. 90,000 ರೂಪಾಯಿಯನ್ನು 900 ನೋಟು ಮಾಡಿ ಹಂಚಿದರೆ ಸಂಜೆಯ ಇಫ್ತಾರಿಗೆ ಖರ್ಚಾಗಿ ಹೋಗುತ್ತದೆ. ಒಂದು ಮನೆಗೆ ಕೊಟ್ಟರೆ ಆ ಮನೆಗೆ ವಾರದ ಕಂತಿನವರು ಬರುವುದೇ ನಿಲ್ಲುತ್ತದೆ. ನಾಲ್ಕೈದು ಮಸೀದಿಗಳು ಸೇರಿ ಒಂದೇ ಪಟ್ಟಿ ಇಟ್ಟುಕೊಂಡರೆ ಇದು ಆಗದ ಕೆಲಸವೇನಲ್ಲ.

ಬಡ್ಡಿಯ ವಿಷಯಕ್ಕೆ ಬಂದರೆ, 2:280ರ ಪ್ರಕಾರ ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಯಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು. 632ರಲ್ಲಿ, ಹಜ್ಜಿನ ವಿದಾಯ ಭಾಷಣದಲ್ಲಿ ಪ್ರವಾದಿಯವರು ಹಳೆಯ ಬಡ್ಡಿಯನ್ನೆಲ್ಲ ರದ್ದು ಮಾಡಿದಾಗ ಮೊದಲು ರದ್ದಾದದ್ದು ಸ್ವಂತ ಚಿಕ್ಕಪ್ಪ ಅಬ್ಬಾಸರಿಗೆ ಬರಬೇಕಿದ್ದ ಬಡ್ಡಿ. ನಮ್ಮ ಬೀದಿಗಳಲ್ಲಿ ಮೀಟರ್ ಬಡ್ಡಿ ನಡೆಸುವವರಲ್ಲಿ ನಮ್ಮವರೂ ಇದ್ದಾರೆ. ಅವರು ಮುಂದಿನ ಸಾಲಿನಲ್ಲಿ ನಮಾಝಿಗೆ ನಿಂತರೆ ಯಾರೂ ಏನೂ ಹೇಳುವುದಿಲ್ಲ, ಹೇಳಬೇಕು. ಮನೆ ಬಾಗಿಲಿಗೆ ಬಂದು ಯಾರಾದರೂ ಬೆದರಿಸಿದರೆ ಠಾಣೆಯಲ್ಲಿ ದೂರು ಕೊಡಿ. ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ.

ಪ್ರಶ್ನೆ: ನಾಲೆ ನೀರಿನ ಗದ್ದೆಯಲ್ಲಿ ಭತ್ತ, ಕಬ್ಬು ಬೆಳೆಯುತ್ತೇವೆ. ಬೆಳೆಗೂ ಝಕಾತ್ ಇದೆಯೇ?
– ರೈತರು, ಪಾಂಡವಪುರ

ಉತ್ತರ: ಇದೆ, ಅದನ್ನು ಉಶ್ರ್ ಎನ್ನುತ್ತಾರೆ. ಬರೀ ಮಳೆಯಲ್ಲಿ ಬೆಳೆದರೆ ಹತ್ತರಲ್ಲೊಂದು ಪಾಲು, ನೀರಿಗೆ ಖರ್ಚು, ಶ್ರಮ ಬಿದ್ದರೆ ಇಪ್ಪತ್ತರಲ್ಲೊಂದು. ತೆರಿಗೆ ಕಟ್ಟಿ ಪಡೆಯುವ ನಾಲೆ ನೀರಿಗೆ ಇಪ್ಪತ್ತರಲ್ಲೊಂದು ಎನ್ನುವವರೇ ಹೆಚ್ಚು: 40 ಕ್ವಿಂಟಲ್ ಭತ್ತಕ್ಕೆ 2 ಕ್ವಿಂಟಲ್. ವರ್ಷ ಕಾಯುವ ಹಾಗಿಲ್ಲ, ಕೊಯ್ಲಿನ ದಿನವೇ ಹಕ್ಕು ಕೊಡಿ ಎನ್ನುತ್ತದೆ 6:141. ಭಾರತದ ಜಮೀನಿಗೆ ಇದು ಅನ್ವಯಿಸುತ್ತದೆಯೇ ಎಂಬುದರಲ್ಲಿ ಉಲಮಾಗಳಲ್ಲಿ (ಧರ್ಮ ವಿದ್ವಾಂಸರಲ್ಲಿ) ಒಮ್ಮತವಿಲ್ಲ. ಕೊಟ್ಟುಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಕಬ್ಬು ಕಡಿಯಲು ಹೊರಗಿನಿಂದ ಬಂದವರ ಕೂಲಿಯನ್ನು ಮಾತ್ರ ಕಾರ್ಖಾನೆಯ ಬಿಲ್ಲು ಬರಲಿ ಅಂತ ತಡೆಯಬೇಡಿ, ಬೆವರು ಆರುವ ಮುಂಚೆ ಕೊಡಿ ಎಂದು ಹದೀಸ್ (ಪ್ರವಾದಿಯವರ ವಚನ) ಇದೆ. ನಿಮ್ಮ ಕಬ್ಬಿನ ತೂಕದಲ್ಲಿ ಯಾರಾದರೂ ಹೊಡೆದರೆ, ಅಂಥವರನ್ನು ಎಚ್ಚರಿಸುತ್ತಲೇ ಕುರ್‌ಆನಿನ 83ನೇ ಅಧ್ಯಾಯ ಆರಂಭವಾಗುತ್ತದೆ.

ಪ್ರಶ್ನೆ: ಪಕ್ಕದ ಮನೆಯ ಆಟೊ ಓಡಿಸುವ ಅಣ್ಣ ಹಾಸಿಗೆ ಹಿಡಿದಿದ್ದಾರೆ. ಮಗಳ ಪಿಯುಸಿ ಫೀಸು ಕಟ್ಟಿಲ್ಲ. ಅವರು ಹಿಂದೂಗಳು. ನಮ್ಮ ಝಕಾತ್ ಹಣದಿಂದ ಕೊಡಬಹುದೇ?
– ಗೃಹಿಣಿ, ಮಂಡಿ ಮೊಹಲ್ಲಾ, ಮೈಸೂರು

ಉತ್ತರ: ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಝಕಾತ್ ಮುಸ್ಲಿಂ ಬಡವರಿಗೇ ಸಲ್ಲಬೇಕು ಎಂಬುದು ಬಹುಪಾಲು ವಿದ್ವಾಂಸರ ನಿಲುವು. ನೆರೆಯವರ ಹಕ್ಕು ಅದರೊಂದಿಗೆ ಮುಗಿಯುವುದಿಲ್ಲ. ನೆರೆಯವನು ಹಸಿದಿರುವಾಗ ತಾನು ಹೊಟ್ಟೆ ತುಂಬ ಉಣ್ಣುವವನು ವಿಶ್ವಾಸಿಯಲ್ಲ ಎಂಬ ಹದೀಸಿನಲ್ಲಿ ನೆರೆಯವನ ಜಾತಿ, ಧರ್ಮದ ಪ್ರಸ್ತಾಪವಿಲ್ಲ. ಸದಕಾ, ಅಂದರೆ ಸ್ವಇಚ್ಛೆಯ ದಾನದ ಹಣವನ್ನು ಯಾರಿಗೆ ಬೇಕಾದರೂ ಕೊಡಬಹುದು. ರಂಜಾನ್ ಹಬ್ಬಕ್ಕೆ ಕೊಡುವ ಫಿತ್ರಾ ದಾನವನ್ನೂ ಮುಸ್ಲಿಮೇತರರಿಗೆ ಕೊಡಬಹುದೆಂದು ಹನಫಿ ಪದ್ಧತಿಯ ಇಮಾಮ್ ಅಬೂ ಹನೀಫಾ ಹೇಳಿದ್ದರು, ಅವರ ಶಿಷ್ಯ ಅಬೂ ಯೂಸುಫ್ ಅದನ್ನು ಒಪ್ಪಲಿಲ್ಲ. ಆದರೆ ಭಿಕ್ಷೆ ಬೇಡುತ್ತಿದ್ದ ಯಹೂದಿ ಮುದುಕನೊಬ್ಬನನ್ನು ಉಮರರು ಮನೆಗೆ ಕರೆದೊಯ್ದು ಇದ್ದದ್ದು ಕೊಟ್ಟು, ಅವನಂಥವರಿಗೆ ತೆರಿಗೆ ಮಾಫಿ ಮಾಡಿ ಖಜಾನೆಯಿಂದ ನೆರವು ಕೊಡಿಸಿದ್ದನ್ನು ಬರೆದಿಟ್ಟವರು ಅದೇ ಅಬೂ ಯೂಸುಫ್. ಪ್ರಾಯದಲ್ಲಿ ಇವನಿಂದ ವಸೂಲು ಮಾಡಿ ಮುಪ್ಪಿನಲ್ಲಿ ಕೈಬಿಟ್ಟರೆ ನ್ಯಾಯವಲ್ಲ ಎಂಬುದು ಅಲ್ಲಿ ಉಮರರ ಮಾತಿನ ಸಾರ.

ಹಾಗಾಗಿ ಝಕಾತ್ ಲೆಕ್ಕ ಬೇರೆ ಇಡಿ, ಮನೆ ಖರ್ಚಿನಲ್ಲಿ ಉಳಿಸಿದ್ದನ್ನು ಸದಕಾ ಎಂದು ಕೊಡಿ, ಸಾಲದಿದ್ದರೆ ಬೀದಿಯವರನ್ನೂ ಕೇಳಿ. ದುಡ್ಡನ್ನು ಆ ಅಣ್ಣನ ಕೈಗಿಟ್ಟು ಅವರಿಗೆ ಮುಜುಗರ ಮಾಡುವುದಕ್ಕಿಂತ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಕಾಲೇಜಿನ ಕೌಂಟರಿನಲ್ಲೇ ಕಟ್ಟಿ, ರಸೀದಿ ಅವಳ ಹೆಸರಿನಲ್ಲಿ ಬರೆಸಿ.