ಆಟಗಳು ಹೆಚ್ಚಾದರೆ ಲ್ಯಾಪ್‌ಟಾಪ್ ನಿಧಾನವಾಗುವುದೇ?

ಪ್ರಶ್ನೆ: ಮಗ ತನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಒಂದರ ಮೇಲೊಂದು ಆಟಗಳನ್ನು ಇನ್‌ಸ್ಟಾಲ್ ಮಾಡಿಕೊಳ್ಳುತ್ತಿದ್ದಾನೆ. ಈಗ ಆಡದಿರುವಾಗಲೂ ಅದು ನಿಧಾನವಾಗಿದೆ. ಆಟಗಳನ್ನೆಲ್ಲ ತೆಗೆದುಹಾಕಿಸಬೇಕೇ?
– ಓದುಗರು, ದಾವಣಗೆರೆ

ಉತ್ತರ: ಎಲ್ಲವನ್ನೂ ತೆಗೆಸುವ ಅಗತ್ಯವಿಲ್ಲ. ತೆರೆಯದೆ ಬಿಟ್ಟಿರುವ ಆಟವು ಡಿಸ್ಕ್‌ನಲ್ಲಿ ಜಾಗ ಹಿಡಿದಿರುತ್ತದೆಯೇ ಹೊರತು ಪ್ರೊಸೆಸರನ್ನಾಗಲಿ ರ್‍ಯಾಮನ್ನಾಗಲಿ ಬಳಸುವುದಿಲ್ಲ. ನಾನು ಮೊದಲು ಅನುಮಾನಿಸುವುದು ಆಟಗಳ ಜೊತೆಗೆ ಬರುವ ಸ್ಟೀಮ್, ಎಪಿಕ್‌ನಂತಹ ಲಾಂಚರ್‌ಗಳನ್ನು, ಅಂದರೆ ಆಟಗಳನ್ನು ಇಳಿಸಿಕೊಳ್ಳಲು ಮತ್ತು ತೆರೆಯಲು ಬಳಸುವ ತಂತ್ರಾಂಶಗಳನ್ನು. ಇವುಗಳಲ್ಲಿ ಹಲವು ವಿಂಡೋಸ್ ಆರಂಭವಾದೊಡನೆ ತಾವೂ ಚಾಲನೆಗೊಂಡು, ನಮ್ಮ ಗಮನಕ್ಕೆ ಬಾರದಂತೆ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳುತ್ತ ರ್‍ಯಾಮ್, ಡಿಸ್ಕ್, ಇಂಟರ್‌ನೆಟ್ ಮೂರನ್ನೂ ಬಳಸುತ್ತಿರುತ್ತವೆ. ಮೂರು ನಾಲ್ಕು ಲಾಂಚರ್‌ಗಳು ಸೇರಿದರೆ, ಅದರಲ್ಲಿಯೂ 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ, ವ್ಯತ್ಯಾಸ ಎದ್ದು ಕಾಣುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ವಿಭಾಗದಲ್ಲಿ ಅವುಗಳನ್ನು ಡಿಸೇಬಲ್ ಮಾಡಿಸಿ. ಇದರಿಂದ ಆಟಗಳಿಗೆ ಯಾವ ಹಾನಿಯೂ ಆಗುವುದಿಲ್ಲ.

ಎರಡನೆಯದಾಗಿ, ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ನೋಡಿ. ಇಂದಿನ ದೊಡ್ಡ ಆಟಗಳಲ್ಲಿ ಕೆಲವು 100 ಜಿಬಿಯನ್ನೂ ಮೀರುವುದರಿಂದ 512 ಜಿಬಿಯ ಎಸ್‌ಎಸ್‌ಡಿ (ಇಂದಿನ ಲ್ಯಾಪ್‌ಟಾಪ್‌ಗಳಲ್ಲಿರುವ ವೇಗದ ಡಿಸ್ಕ್) ನಾಲ್ಕೈದು ಆಟಗಳಿಗೇ ತುಂಬಿಬಿಡಬಹುದು. ಹಾಗೆ ತುಂಬಿದಾಗ ರ್‍ಯಾಮ್ ಸಾಲದಿದ್ದರೆ ವಿಂಡೋಸ್ ಆಶ್ರಯಿಸುವ ಪೇಜ್ ಫೈಲ್‌ಗೆ ಬೆಳೆಯಲು ಜಾಗವಿರುವುದಿಲ್ಲ, ಎಸ್‌ಎಸ್‌ಡಿಯ ಬರೆಯುವ ವೇಗವೂ ಕುಗ್ಗುತ್ತದೆ. ಶೇ 15ರಿಂದ 20ರಷ್ಟು ಜಾಗ ಖಾಲಿ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಇದಕ್ಕಾಗಿ ಮಗ ಈಗ ಆಡದಿರುವ ಆಟಗಳನ್ನಷ್ಟೇ ಅನ್‌ಇನ್‌ಸ್ಟಾಲ್ ಮಾಡಿಸಿದರೆ ಸಾಕು. ಆದರೆ ಅವನು ಆಡಿ ಉಳಿಸಿಕೊಂಡಿರುವ ಹಂತಗಳು ಕ್ಲೌಡ್‌ನಲ್ಲಿ ಸೇವ್ ಆಗಿವೆಯೇ ಎಂಬುದನ್ನು ಮೊದಲು ಅವನಿಂದಲೇ ಖಚಿತಪಡಿಸಿಕೊಳ್ಳಿ.