ಜೀನಿನ ಮೇಲೆ ಎಷ್ಟು ಕಿಲೋ?

ಕುದುರೆ ಸವಾರಿ ಕಲಿಯಲು ಹೊರಟ ಬೆಂಗಳೂರಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತೂಕದ ಬಗ್ಗೆ, ಉಳಿದವು ಹೊಸಬರನ್ನು ಶಾಲೆಗಳಲ್ಲಿ ನಡೆಸಿಕೊಳ್ಳುವ ರೀತಿಯ ಬಗ್ಗೆ. ಎರಡೂ ಒಂದಕ್ಕೊಂದು ಅಂಟಿಕೊಂಡ ವಿಷಯಗಳೇ.

ಪ್ರಶ್ನೆ: ನನ್ನ ತೂಕ 94 ಕಿಲೋ, ಎತ್ತರ 5 ಅಡಿ 11 ಇಂಚು. ಒಂದು ಸವಾರಿ ಶಾಲೆಗೆ ಫೋನ್ ಮಾಡಿದರೆ ಹೆಸರು ಕೇಳುವ ಮುಂಚೆ ತೂಕ ಕೇಳಿದರು. ‘80ರ ಮೇಲಿದ್ರೆ ಆಗಲ್ಲ ಸಾರ್’ ಅಂತ ಇಟ್ಟುಬಿಟ್ಟರು. ನಾನು ದಿನಾ ಜಿಮ್ಮಿಗೆ ಹೋಗುವವನು, ಬೊಜ್ಜಿಲ್ಲ. ಇನ್ನೊಂದು ಕಡೆ ‘ಬನ್ನಿ ಸಾರ್, ಏನೂ ತೊಂದರೆ ಇಲ್ಲ’ ಅಂದರು. ಯಾರ ಮಾತು ನಂಬಲಿ?
– ಓದುಗ, ಜಯನಗರ

ಉತ್ತರ: ಫೋನ್ ಇಟ್ಟ ರೀತಿ ಸರಿಯಿಲ್ಲ. ಲೆಕ್ಕ ಮಾತ್ರ ಸರಿ. ನಿಮ್ಮ ತೂಕ ಸ್ನಾಯುವೋ ಬೊಜ್ಜೋ ಕುದುರೆಯ ಬೆನ್ನಿಗೆ ಗೊತ್ತಾಗುವುದಿಲ್ಲ, ಕಿಲೋ ಮಾತ್ರ ಗೊತ್ತಾಗುತ್ತದೆ.

ಬಹುತೇಕ ಶಾಲೆಗಳು ಅನುಸರಿಸುವುದು ಶೇ 20ರ ಲೆಕ್ಕ. ಸವಾರ, ಜೀನು, ಬೂಟು, ಹೆಲ್ಮೆಟ್ ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು. 2008ರಲ್ಲಿ ಅಮೆರಿಕದ ಓಹಾಯೊದಲ್ಲಿ ಎಂಟು ಕುದುರೆಗಳ ಮೇಲೆ ಅವುಗಳ ತೂಕದ ಶೇ 15, 20, 25, 30ರಷ್ಟು ಭಾರ ಹೊರಿಸಿ ನೋಡಿದರು. 25 ಮುಟ್ಟಿದಾಗ ಹೃದಯ ಬಡಿತ ಏರಿತು, ಮರುದಿನ ಬೆನ್ನಿನ ಸ್ನಾಯುಗಳಲ್ಲಿ ನೋವು ಕಾಣಿಸಿತು. ಶೇ 20 ಅನ್ನುವುದು ಕೊನೆಯ ಗೆರೆ. ಹೊಸಬರಿಗೆ 15ರಿಂದ 17ರೊಳಗೆ ಇದ್ದರೇ ಚೆನ್ನ.

ಆ 80 ಎಲ್ಲಿಂದ ಬಂತು ಅಂತ ನೋಡಿ. ಬೆಂಗಳೂರಿನ ಶಾಲೆಗಳಲ್ಲಿರುವ ಕುದುರೆಗಳಲ್ಲಿ ಬಹಳಷ್ಟು ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು. ಹದಿನೈದು ಹ್ಯಾಂಡ್ ಆಸುಪಾಸಿನ ಎತ್ತರ, ಅಂದರೆ ಸುಮಾರು 152 ಸೆಂ.ಮೀ., ತೂಕ 450 ಕಿಲೋ ಹಿಡಿಯಿರಿ. ಅದರ ಶೇ 20 ಅಂದರೆ 90 ಕಿಲೋ. ಜೀನು, ಕೆಳಗಿನ ಪ್ಯಾಡು, ರಿಕಾಪು (ಪಾದ ಇಡುವ ಬಳೆ) ಸೇರಿ ಎಂಟು ಕಿಲೋ. ಬೂಟು, ಹೆಲ್ಮೆಟ್, ಬಟ್ಟೆ ಎರಡು ಕಿಲೋ. ಮಿಕ್ಕಿದ್ದು 80. ನಿಮ್ಮ ವಿಷಯದಲ್ಲಿ 94ಕ್ಕೆ ಈ ಹತ್ತು ಸೇರಿದರೆ 104. ಕಡಿಮೆಯೆಂದರೆ 520 ಕಿಲೋದ ಕುದುರೆ ಬೇಕು. ಹದಿನಾರು ಹ್ಯಾಂಡ್ ದಾಟಿದ, ದಪ್ಪ ಮೂಳೆಯ, 600 ಕಿಲೋದ ವಾರ್ಮ್‌ಬ್ಲಡ್ ತಳಿಯದಾದರೆ ಶೇ 17ಕ್ಕೆ ನಿಲ್ಲುತ್ತದೆ. ಅಂಥವು ನಮ್ಮಲ್ಲಿ ಕಡಿಮೆ. ಇರುವವರೂ ಅವನ್ನು ಸ್ಪರ್ಧೆಗೆ ಇಟ್ಟುಕೊಳ್ಳುತ್ತಾರೆಯೇ ಹೊರತು ಮೊದಲ ದಿನದವರಿಗೆ ಕೊಡುವುದಿಲ್ಲ.

‘ಬನ್ನಿ ಸಾರ್’ ಅಂದವರನ್ನು ಎರಡು ಪ್ರಶ್ನೆ ಕೇಳಿ: ‘ನನಗೆ ಯಾವ ಕುದುರೆ ಕೊಡ್ತೀರಿ? ಅದರ ತೂಕ ಎಷ್ಟು?’ ತೂಕ ಗೊತ್ತಿಲ್ಲ ಅಂದರೆ ಅಳೆಯುವುದು ಕಷ್ಟವೇನಲ್ಲ. ಮುಂಗಾಲ ಹಿಂದೆ, ಹೊಟ್ಟೆಪಟ್ಟಿ ಬರುವ ಕಡೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ತೆಗೆದುಕೊಳ್ಳಿ. ಎರಡೂ ಸೆಂ.ಮೀ.ನಲ್ಲಿ ಇರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 182, ಉದ್ದ 158 ಇದ್ದರೆ ಸುಮಾರು 440 ಕಿಲೋ. ಟೈಲರ್ ಟೇಪು 150ಕ್ಕೇ ಮುಗಿದುಹೋಗುತ್ತದೆ, ಹಾಗಾಗಿ ದಾರ ಸುತ್ತಿ ಆಮೇಲೆ ದಾರವನ್ನು ಅಳೆಯಿರಿ. ಕುದುರೆ ಉಸಿರು ಬಿಟ್ಟಾಗ ಅಳೆಯಬೇಕು, ಇಲ್ಲವಾದರೆ ಅದೂ ಎದೆ ಉಬ್ಬಿಸಿ ಹತ್ತಿಪ್ಪತ್ತು ಕಿಲೋ ಜಾಸ್ತಿ ತೋರಿಸುತ್ತದೆ.

ಲೆಕ್ಕಕ್ಕೆ ಹೊರಗಿನ ಕೆಲವು ಮಾತುಗಳೂ ಇವೆ. ಪಕ್ಕೆಲುಬು ಎಣಿಸುವಂತಿರುವ ಕುದುರೆಗೆ, ಐದು ವರ್ಷ ತುಂಬದ ಕುದುರೆಗೆ, ಹದಿನೆಂಟು ದಾಟಿದ ಕುದುರೆಗೆ ಶೇ 20 ಅನ್ವಯವಾಗದು, ಕಡಿಮೆಯೇ ಇರಬೇಕು. ಬೊಜ್ಜು ಬಂದ ಕುದುರೆ ಜಾಸ್ತಿ ಹೊರುತ್ತದೆ ಅನ್ನುವುದೂ ತಪ್ಪು. ಅದು ಆಗಲೇ ತನ್ನ ಬೊಜ್ಜನ್ನು ಹೊತ್ತಿರುತ್ತದೆ.

ಪ್ರಶ್ನೆ: ನನ್ನ ತೂಕ 78, ಶಾಲೆಯ ಮಿತಿಯೊಳಗೇ ಇದ್ದೇನೆ. ಆದರೂ ನಾನು ಹತ್ತಲು ಹೋದರೆ ಕುದುರೆ ಕಿವಿ ಹಿಂದಕ್ಕೆ ಮಡಚಿ ಪಕ್ಕಕ್ಕೆ ಸರಿಯುತ್ತದೆ, ಕಚ್ಚಲೂ ಬರುತ್ತದೆ. ಜೀನು ಎಡಕ್ಕೆ ವಾಲುತ್ತದೆ. ಕುದುರೆ ನೋಡಿಕೊಳ್ಳುವ ಸೈಸ್ ‘ಅದರ ಬುದ್ಧೀನೇ ಹಾಗೆ’ ಅನ್ನುತ್ತಾನೆ.
– ಓದುಗರು, ಬನಶಂಕರಿ

ಉತ್ತರ: ಬುದ್ಧಿಯನ್ನು ದೂರುವ ಮುಂಚೆ ಬೆನ್ನು ನೋಡಿ. ಹತ್ತುವಾಗ ಸರಿಯುವ ಕುದುರೆ ಹೆಚ್ಚಾಗಿ ನೋವಿನ ನೆನಪಿನಿಂದ ಸರಿಯುತ್ತಿರುತ್ತದೆ.

ನೀವು ನೆಲದಿಂದ ಹತ್ತುತ್ತಿದ್ದೀರಿ ಅಂತ ಕಾಣುತ್ತದೆ. ಎಡಗಾಲು ರಿಕಾಪಿಗೆ ಕೊಟ್ಟು ಮೇಲೇಳುವ ಆ ಎರಡು ಸೆಕೆಂಡು ನಿಮ್ಮ ಇಡೀ ತೂಕ ಒಂದೇ ಪಕ್ಕಕ್ಕೆ ಜೋತುಬೀಳುತ್ತದೆ. ಜೀನಿನ ಒಳಗಿನ ಚೌಕಟ್ಟು ಬಲಗಡೆ ಹೆಗಲ ಉಬ್ಬಿಗೆ ಒತ್ತಿ ತಿರುಚುತ್ತದೆ. ದಿನಕ್ಕೆ ಆರು ಮಂದಿ ಹೊಸಬರು ಹೀಗೆ ಹತ್ತಿದರೆ ಯಾವ ಕುದುರೆಯಾದರೂ ಕಿವಿ ಮಡಚೀತು. ಹತ್ತುವ ಕಟ್ಟೆ ಬೇಕು. 50ರಿಂದ 60 ಸೆಂ.ಮೀ. ಎತ್ತರದ, ಅಲುಗಾಡದ ಮರದ ಮೆಟ್ಟಿಲು ಸಾಕು. ಪ್ಲಾಸ್ಟಿಕ್ ಕುರ್ಚಿ ಬೇಡ. ಅದು ಕಾಲಡಿಯಿಂದ ಜಾರಿ ಕುದುರೆಯ ಹೊಟ್ಟೆಯಡಿ ಹೋದರೆ ಮುಂದಿನದನ್ನು ಹೇಳಬೇಕಿಲ್ಲ. ಕಟ್ಟೆಯ ಮೇಲೆ ನಿಂತು, ಎಡಗೈಯಲ್ಲಿ ಸಡಿಲ ಲಗಾಮಿನ ಜೊತೆ ಒಂದು ಹಿಡಿ ಜೂಲು ಹಿಡಿದು, ಬಲಗಾಲನ್ನು ಕುದುರೆಯ ಸೊಂಟದ ಮೇಲಿಂದ ತಾಗಿಸದೆ ದಾಟಿಸಿ. ಕೊನೆಯ ಒಂದು ಗೇಣು ಉಳಿದಾಗ ತೂಕವನ್ನು ತೊಡೆಯಲ್ಲಿ ತಡೆದು ಮೆಲ್ಲಗೆ ಕೂರಿ. ಮೂಟೆ ಇಳಿಸಿದ ಹಾಗೆ ದೊಪ್ಪನೆ ಕೂರುವುದೇ ಹೊಸಬರ ದೊಡ್ಡ ತಪ್ಪು. ಅದು 60 ಕಿಲೋದವರು ಮಾಡಿದರೂ ತಪ್ಪೇ.

ಎರಡನೆಯದು, ಲಾಯದವರು ಗರ್ತ್ ಅನ್ನುವ ಹೊಟ್ಟೆಪಟ್ಟಿ. ಒಂದೇ ಸಲಕ್ಕೆ ಎಳೆದು ಬಿಗಿಯುವ ಅಭ್ಯಾಸ ಹಲವೆಡೆ ಇದೆ. ಮೂರು ಸಲ ಬಿಗಿಯಬೇಕು: ಜೀನು ಇಟ್ಟಾಗ ಸಡಿಲವಾಗಿ, ನಾಲ್ಕು ಹೆಜ್ಜೆ ನಡೆಸಿ ಇನ್ನೊಂದೆರಡು ತೂತು, ಹತ್ತಿದ ಐದು ನಿಮಿಷಕ್ಕೆ ಮತ್ತೊಮ್ಮೆ. ಪಟ್ಟಿಯೊಳಗೆ ಎರಡು ಬೆರಳು ಅಡ್ಡಲಾಗಿ ಹೋಗಬೇಕು. ನಾಲ್ಕು ಹೋದರೆ ಜೀನು ತಿರುಗುತ್ತದೆ.

ಮೂರನೆಯದು ಯಾರೂ ನೋಡದೇ ಇರುವುದು, ಜೀನಿನ ಸೀಟಿನ ಅಳತೆ. ಶಾಲೆಗಳಲ್ಲಿ ಇರುವುದು ಹೆಚ್ಚಾಗಿ 17 ಇಂಚಿನವು. ನಿಮಗೆ ಹದಿನೇಳೂವರೆಯೋ ಹದಿನೆಂಟೋ ಬೇಕಾಗಬಹುದು. ಕೂತಾಗ ಹಿಂದಿನ ಏರಿಗೂ ನಿಮಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯದಿದ್ದರೆ ಸೀಟು ಚಿಕ್ಕದು. ಆಗ ನೀವು ಹಿಂದಿನ ಏರಿನ ಮೇಲೇ ಕೂರುತ್ತೀರಿ, ತೂಕವೆಲ್ಲ ಜೀನಿನ ಹಿಂಭಾಗಕ್ಕೆ, ಅಂದರೆ ಕುದುರೆಯ ಸೊಂಟದ ಕಡೆಗೆ ಬೀಳುತ್ತದೆ. ಅಲ್ಲಿ ಕೆಳಗಿನಿಂದ ಆಸರೆಗೆ ಪಕ್ಕೆಲುಬಿಲ್ಲ. ಹಾಗಂತ ದೊಡ್ಡ ಜೀನು ಹಾಕೋಣವೆಂದರೆ ಅದು ಕೊನೆಯ ಪಕ್ಕೆಲುಬನ್ನು ದಾಟಬಾರದು. ಗಿಡ್ಡ ಬೆನ್ನಿನ ಕುದುರೆಗೆ 18 ಇಂಚು ಹಿಡಿಯುವುದೇ ಇಲ್ಲ. ತೂಕ ಸರಿಯಿದ್ದೂ ಜೋಡಿ ಕೂಡಿಬರದಿರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಸವಾರಿ ಮುಗಿದ ಮೇಲೆ ಜೀನು ತೆಗೆಯುವಾಗ ಅಲ್ಲೇ ನಿಲ್ಲಿ. ಬೆನ್ನು ಎರಡೂ ಕಡೆ ಒಂದೇ ಸಮ ಬೆವರಿರಬೇಕು. ಬೆವರಿನ ನಡುವೆ ಅಂಗೈಯಗಲ ಒಣಗಿದ ಜಾಗ ಕಂಡರೆ ಅಲ್ಲಿ ಒತ್ತಡ ಮಿತಿಮೀರಿದೆ ಅಂತ ಅರ್ಥ. ಅದೇ ಜಾಗದಲ್ಲಿ ತಿಂಗಳುಗಳ ಮೇಲೆ ಬಿಳಿ ಕೂದಲು ಹುಟ್ಟುತ್ತದೆ. ಬೆನ್ನೆಲುಬಿನ ಎರಡೂ ಪಕ್ಕ ಬೆರಳ ತುದಿಯಿಂದ ಒತ್ತುತ್ತಾ ಹಿಂದಕ್ಕೆ ಹೋಗಿ. ಕುದುರೆ ಬೆನ್ನು ತಗ್ಗಿಸಿ ಜಾರಿಕೊಂಡರೆ ಆವತ್ತೇ ಶಿಕ್ಷಕರಿಗೆ ಹೇಳಿ.

ಪ್ರಶ್ನೆ: ಆರು ವಾರದಿಂದ ವಾರಕ್ಕೆ ಎರಡು ಕ್ಲಾಸು. ಇನ್ನೂ ಹಗ್ಗ ಕಟ್ಟಿದ ಕುದುರೆ ಮೇಲೆ ಕೂರಿಸಿ ಸುತ್ತಿಸುತ್ತಿದ್ದಾರೆ. ಕೈಗೆ ಲಗಾಮೂ ಕೊಟ್ಟಿಲ್ಲ. ಬೇರೆ ಕಡೆ ಸೇರಿದ ಗೆಳೆಯ ಮೂರನೇ ಕ್ಲಾಸಿಗೇ ಕ್ಯಾಂಟರ್ (ನೆಗೆಯುವ ಓಟ) ಮಾಡಿದ. ದುಡ್ಡು ಎಳೆಯೋಕೆ ಹೀಗೆ ಮಾಡ್ತಾರಾ?
– ಓದುಗ, ಯಲಹಂಕ

ಉತ್ತರ: ದುಡ್ಡು ಎಳೆಯುವವರು ಸಾಮಾನ್ಯವಾಗಿ ಮೂರನೇ ಕ್ಲಾಸಿಗೆ ಕ್ಯಾಂಟರ್ ಮಾಡಿಸಿ ವಿಡಿಯೊ ತೆಗೆದುಕೊಡುತ್ತಾರೆ.

ಲಂಜ್ ಅನ್ನುವ ಈ ಹಗ್ಗದ ಪಾಠಕ್ಕೆ ಕಾರಣವಿದೆ. ನಡಿಗೆಯಲ್ಲಿ ಕುದುರೆಯ ಬೆನ್ನಿಗೆ ಬೀಳುವ ಭಾರ ಸವಾರನ ತೂಕಕ್ಕಿಂತ ಸ್ವಲ್ಪ ಹೆಚ್ಚು. ಟ್ರಾಟ್‌ನಲ್ಲಿ (ಕುಲುಕಾಡಿಸುವ ನಿಧಾನ ಓಟ) ಪ್ರತಿ ಹೆಜ್ಜೆಗೂ ಅದು ಎರಡು ಪಟ್ಟನ್ನೂ ದಾಟುತ್ತದೆ. ಲಯ ಸಿಕ್ಕದವರು ಆ ಭಾರವನ್ನು ತಪ್ಪಿದ ಹೊತ್ತಿಗೆ ಕುಕ್ಕುತ್ತಾರೆ. ಹೊಸಬರನ್ನು ಕಡಿಮೆ ತೂಕದ ಲೆಕ್ಕಕ್ಕೆ ಹಿಡಿಯುವುದೂ ಇದಕ್ಕೇ. ಇನ್ನು ಲಗಾಮು. ಅದರ ತುದಿಯ ಕಬ್ಬಿಣ, ಅಂದರೆ ಕಡಿವಾಣ, ಕೂರುವುದು ಮುಂಹಲ್ಲಿಗೂ ದವಡೆಹಲ್ಲಿಗೂ ನಡುವಿನ ಖಾಲಿ ವಸಡಿನ ಮೇಲೆ. ಅಲ್ಲಿ ಮೂಳೆಗೂ ಕಬ್ಬಿಣಕ್ಕೂ ಮಧ್ಯೆ ತೆಳು ಚರ್ಮ ಅಷ್ಟೇ. ಆಯ ತಪ್ಪಿದವರು ಮೊದಲು ಜಗ್ಗುವುದು ಲಗಾಮನ್ನೇ. ರೇಸಿನಿಂದ ಬಂದ ಕುದುರೆಯಾದರೆ ಇನ್ನೊಂದು ತೊಡಕು: ಬಿಗಿದ ಲಗಾಮಿಗೆ ಒರಗಿ ಓಡುವುದನ್ನೇ ಅದು ಕಲಿತಿರುತ್ತದೆ. ಹೆದರಿದ ಸವಾರ ನಿಲ್ಲಲಿ ಅಂತ ಎಳೆದಷ್ಟೂ ಅದು ಜೋರಾಗುತ್ತದೆ.

ಆದರೆ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಹನ್ನೆರಡು ಕ್ಲಾಸುಗಳಲ್ಲಿ ಬರೀ ಸುತ್ತಿಸಿದ್ದರೆ ಅದು ಪಾಠವಲ್ಲ. ಇಷ್ಟು ಹೊತ್ತಿಗೆ ಇವು ಆಗಿರಬೇಕು: ಕೈ ಸೊಂಟದ ಮೇಲಿಟ್ಟು ಟ್ರಾಟ್‌ನಲ್ಲಿ ಎರಡು ಸುತ್ತು ಎದ್ದು ಕೂರುವುದು, ವೃತ್ತದ ಹೊರಗಡೆಗಿರುವ ಕುದುರೆಯ ಭುಜ ಮುಂದೆ ಹೋದಾಗ ಏಳುತ್ತಿದ್ದೀರಾ ಅಂತ ಕೆಳಗೆ ನೋಡದೆ ಹೇಳುವುದು, ನಡಿಗೆಯಲ್ಲಿ ರಿಕಾಪಿಲ್ಲದೆ ಹತ್ತು ನಿಮಿಷ, ಜೀನಿನಿಂದ ಸೀಟು ಎತ್ತಿ ಜೂಲು ಹಿಡಿದು ಒಂದು ನಿಮಿಷ ನಿಲ್ಲುವುದು. ಇವು ಬಂದಿದ್ದರೆ ‘ಲಗಾಮು ಯಾವಾಗ?’ ಅಂತ ನೇರವಾಗಿ ಕೇಳಿ. ಬಂದಿಲ್ಲದಿದ್ದರೆ ‘ಯಾವುದು ಬಂದಿಲ್ಲ?’ ಅಂತ ಕೇಳಿ. ಉತ್ತರ ಹೇಳಲಾಗದ ಶಿಕ್ಷಕರ ಹತ್ತಿರ ಇನ್ನು ಹನ್ನೆರಡು ಕ್ಲಾಸು ಕಟ್ಟಬೇಡಿ. ಏಳೆಂಟು ಮೀಟರ್ ಹಗ್ಗದಲ್ಲಿ ಸುತ್ತುವುದು ಕುದುರೆಯ ಕೀಲಿಗೂ ಕಷ್ಟ. ಅರ್ಧ ಗಂಟೆ ಮೀರಬಾರದು, ಐದು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಬೇಕು.

ಪ್ರಶ್ನೆ: ಮಗನಿಗೆ ಎಂಟು ವರ್ಷ, 26 ಕಿಲೋ. ಬೇಸಿಗೆ ಶಿಬಿರಕ್ಕೆ ಸೈಕಲ್ ಹೆಲ್ಮೆಟ್, ಸ್ಪೋರ್ಟ್ಸ್ ಶೂ ಸಾಕಾ?
– ತಾಯಿ, ಮಲ್ಲೇಶ್ವರ

ಉತ್ತರ: ಎರಡೂ ಸಾಲದು. ಸೈಕಲ್ ಹೆಲ್ಮೆಟ್ ತಲೆಯ ಹಿಂಭಾಗವನ್ನು ಕೆಳಗಿನವರೆಗೆ ಮುಚ್ಚುವುದಿಲ್ಲ. ಸವಾರಿ ಹೆಲ್ಮೆಟ್ಟಿನ ಒಳಗೆ ಇಎನ್ 1384 ಅಥವಾ ಎಎಸ್‌ಟಿಎಂ ಎಫ್1163 ಎಂಬ ಗುರುತು ಇರಬೇಕು. ಒಮ್ಮೆ ಜೋರಾಗಿ ಬಿದ್ದದ್ದನ್ನು ಮತ್ತೆ ಬಳಸಬೇಡಿ. ಸ್ಪೋರ್ಟ್ಸ್ ಶೂಗೆ ಹಿಮ್ಮಡಿ ಇರುವುದಿಲ್ಲ, ಪಾದ ರಿಕಾಪಿನೊಳಗೆ ಪೂರ್ತಿ ತೂರಿ ಸಿಕ್ಕಿಕೊಳ್ಳುತ್ತದೆ. ಅರ್ಧದಿಂದ ಒಂದು ಇಂಚು ಹಿಮ್ಮಡಿಯ, ನುಣುಪು ತಳದ ಶೂ ಬೇಕು. ಸ್ಕೂಲಿನ ಕಪ್ಪು ಲೆದರ್ ಶೂ ಎಷ್ಟೋ ವಾಸಿ. ಮಕ್ಕಳಿಗೆ ಹೊರಬದಿಯಲ್ಲಿ ರಬ್ಬರ್ ಉಂಗುರವಿರುವ ರಿಕಾಪು ಕೇಳಿ, ಬಿದ್ದಾಗ ಅದು ಕಳಚಿಕೊಳ್ಳುತ್ತದೆ. ತೂಕದ ಚಿಂತೆ ಬೇಡ.

ಪ್ರಶ್ನೆ: ಊಟಿಯ ಕೆರೆ ಹತ್ತಿರ ಪುಟ್ಟ ಕುದುರೆಗಳ ಮೇಲೆ 85, 90 ಕಿಲೋದವರೂ ಕೂರುತ್ತಾರೆ. ಇದಕ್ಕೆ ಕಾನೂನು ಇಲ್ಲವೇ?
– ಓದುಗರು, ಕೆಂಗೇರಿ

ಉತ್ತರ: ಹೊರೆ ಹೊರುವ ಪ್ರಾಣಿಗಳ ಬಗ್ಗೆ 1965ರ ನಿಯಮಗಳಿವೆ. ಪೋನಿಯ ಬೆನ್ನಿನ ಹೊರೆಗೆ ಅವು ಹಾಕಿದ ಮಿತಿ 70 ಕಿಲೋ, ಹೇಸರಗತ್ತೆಗೆ 200, ಕತ್ತೆಗೆ 50. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಮಿತಿಮೀರಿದ ಸವಾರಿ, ಮಿತಿಮೀರಿದ ಹೊರೆ ಎರಡನ್ನೂ ಅಪರಾಧ ಅನ್ನುತ್ತದೆ. ಆದರೆ ಹನ್ನೆರಡು ಹ್ಯಾಂಡ್‌ನ 250 ಕಿಲೋದ ಪೋನಿಗೆ ಶೇ 20ರ ಲೆಕ್ಕದಲ್ಲಿ ಜೀನೂ ಸೇರಿ ಬರುವುದು 50 ಕಿಲೋ ಮಾತ್ರ. ಹಾಗಾಗಿ ಇವು ಮಕ್ಕಳಿಗಷ್ಟೇ. ಹತ್ತಿಸುವ ಮುಂಚೆ ಕಡಿವಾಣ ನೋಡಿ. ಮುಳ್ಳಿನ ಕಡಿವಾಣಕ್ಕೆ ಅದೇ ನಿಯಮಗಳಲ್ಲಿ ನಿಷೇಧವಿದೆ. ಬಾಯಂಚಿನ ನೊರೆಯಲ್ಲಿ ಕೆಂಪು ಕಂಡರೆ ದುಡ್ಡು ಕೊಟ್ಟಿದ್ದರೂ ಇಳಿಸಿಬಿಡಿ.

ಪ್ರಶ್ನೆ: ಮೊದಲ ದಿನ ಎಲ್ಲರೆದುರು ತಕ್ಕಡಿ ಮೇಲೆ ನಿಲ್ಲಿಸಿ ನನ್ನ ತೂಕ ಜೋರಾಗಿ ಓದಿದರು. 76 ಇತ್ತು. ಎರಡು ಹುಡುಗರು ನಕ್ಕರು. ಮತ್ತೆ ಹೋಗಲು ಮನಸ್ಸಿಲ್ಲ.
– ಓದುಗಳು, ರಾಜರಾಜೇಶ್ವರಿನಗರ

ಉತ್ತರ: ತೂಕ ನೋಡಿದ್ದು ಸರಿ, ಓದಿ ಹೇಳಿದ್ದು ಅಸಭ್ಯ. ಕಚೇರಿಯೊಳಗೆ ಒಬ್ಬೊಬ್ಬರನ್ನೇ ಕರೆದು ನೋಡಿ, ಚೀಟಿಯಲ್ಲಿ ಬರೆದು, ಯಾರಿಗೆ ಯಾವ ಕುದುರೆ ಎಂದು ಹಂಚಿದರೆ ಕೆಲಸ ಮುಗಿಯುತ್ತದೆ. ಬಟ್ಟೆ, ಬೂಟು ಹಾಕಿಕೊಂಡೇ ನೋಡಬೇಕು, ಏಕೆಂದರೆ ಕುದುರೆ ಹೊರುವುದು ಅದನ್ನೂ ಸೇರಿಸಿ. ಮುಂದಿನ ಸಲ ಹೋಗಿ, ಶಿಕ್ಷಕರನ್ನು ಪಕ್ಕಕ್ಕೆ ಕರೆದು ಇಷ್ಟು ಹೇಳಿ: ‘ನನ್ನ ತೂಕ ನಿಮಗೆ ಗೊತ್ತಾಯಿತು. ನಾನು ಕೂರುವ ಕುದುರೆಯ ತೂಕ, ಇವತ್ತು ಅದು ಆಗಲೇ ಎಷ್ಟು ಕ್ಲಾಸು ಮಾಡಿದೆ, ಇವೆರಡನ್ನು ನನಗೆ ಹೇಳಿ.’ ಲಾಯದ ಬಾಗಿಲಲ್ಲಿ ಇವೆರಡೂ ಸೀಮೆಸುಣ್ಣದಲ್ಲಿ ಬರೆದಿರುವ ಶಾಲೆ ಸಿಕ್ಕರೆ ಅಲ್ಲೇ ಸೇರಿಕೊಳ್ಳಿ.