ಭಾರತೀಯರಿಗೆ ಆಪರೇಷನ್ ನಂತರ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾ?

ದಾವಣಗೆರೆಯಲ್ಲಿ ಅಮ್ಮನಿಗೆ ಮಂಡಿ ಬದಲಿಸುವ ಆಪರೇಷನ್ ಇದೆ, ‘ನಮ್ಮವರಿಗೆ ರಕ್ತ ಹೆಪ್ಪುಗಟ್ಟಲ್ಲ’ ಅಂತಾರೆ, ಹಾಗಾದರೆ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಯಾಕೆ ಎಂದು ಕೇಳಿದ್ದೀರಿ.

ಆ ಮಾತು ಅರ್ಧ ಮಾತ್ರ ನಿಜ. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 5 ಜನರಿಗೆ ‘ಫ್ಯಾಕ್ಟರ್ ಫೈವ್ ಲೈಡನ್’ ಎಂಬ ಜೀನ್ ಬದಲಾವಣೆ ಇರುತ್ತದೆ. 1994ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಇದನ್ನು ಪತ್ತೆಹಚ್ಚಿದರು. ಹೆಪ್ಪುಗಟ್ಟುವುದನ್ನು ತಡೆಯುವ ಬ್ರೇಕ್ ಇಂಥವರಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಚೀನಾ, ಜಪಾನ್ ಕಡೆ ಇದು ತೀರಾ ಅಪರೂಪ. ನಮ್ಮಲ್ಲೂ ಯುರೋಪಿಗಿಂತ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಮಂಡಿ ಆಪರೇಷನ್‌ನಲ್ಲಿ ಜೀನ್‌ಗಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಬೇರೆ: ವಯಸ್ಸು, ತೂಕ, ಕ್ಯಾನ್ಸರ್, ಹಿಂದೆ ಹೆಪ್ಪುಗಟ್ಟಿತ್ತಾ ಅನ್ನೋದು. ಮುಖ್ಯವಾಗಿ, ಮಲಗೇ ಇರುವುದು. ನಮ್ಮ ಕಡೆ ನೆಂಟರೆಲ್ಲ ಬಂದು ‘ಏಳಬೇಡ, ಸುಮ್ನೆ ಮಲಗು’ ಅಂತಾರೆ ಅಲ್ವಾ? ಪ್ರೀತಿಯೇ, ಆದರೆ ಅಪಾಯ. ಡಾಕ್ಟರ್ ಹೇಳಿದ ತಕ್ಷಣ ವಾಕರ್ ಹಿಡಿಸಿ ನಡೆಸಿ.

ಮನೆಗೆ ಬಂದ ಮೇಲೂ ಕೆಲವು ವಾರ ಅಪಾಯ ಇರುತ್ತದೆ. ಹೆಪ್ಪು ಸಾಮಾನ್ಯವಾಗಿ ಕಾಲಿನಲ್ಲೇ ಕಟ್ಟುವುದರಿಂದ, ದರ್ಜಿ ಟೇಪಿನಿಂದ ಎರಡೂ ಮೀನಖಂಡ ಒಂದೇ ಎತ್ತರದಲ್ಲಿ ಅಳೆಯಿರಿ. ಆಪರೇಷನ್ ಆದ ಕಾಲು ಸ್ವಲ್ಪ ಊದುವುದು ಸಹಜ. ಊತ ದಿನೇ ದಿನೇ ಏರುತ್ತಿದ್ದರೆ, ಮೀನಖಂಡ ನೋಯುತ್ತಿದ್ದರೆ ಅಂದೇ ತೋರಿಸಿ. ದಿಢೀರನೆ ಉಸಿರು ಕಟ್ಟಿದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, 108ಕ್ಕೆ ಕರೆ ಮಾಡಿ. ಇಂಜೆಕ್ಷನ್ನನ್ನಂತೂ ನೀವೇ ನಿಲ್ಲಿಸಬೇಡಿ.